ಬೀಗ ನನ್ನ ಚೀಲದಲ್ಲಿದೆ

ತಂಗಿ ಶಶಿರೇಖಾ,

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಕೊಟ್ಟೂರಿನ ಖಾಸಿಂ ಬೀ, ಕಳೆದ ಭಾನುವಾರ ಸಂಜೆ. ಕೆನ್ನೆಯ ಮೇಲೆ ಹುಣ್ಣೆದ್ದ ಹೆಣ್ಣೊಬ್ಬಳನ್ನು ಮನೆಯವರು ಹಿಂದಿನ ಕೋಣೆಗೆ ಹಾಕಿ ಬೀಗ ಜಡಿದರು. "ಯವ್ವಾ, ವಾಸಿ ಆಗೈತಿ, ಬಾಗ್ಲಾ ತಗಿಬೇ" ಎಂದು ಆಕೆ ದಿನವೂ ಕೂಗುತ್ತಿದ್ದಳು. "ನಾಳಿ ನೋಡೂನು ತಡಿ" ಎಂದು ಹೊರಗಿನವರು ಹೇಳುತ್ತಿದ್ದರು. ಕಥೆ ಅಲ್ಲಿಗೇ ಮುಗಿಯಿತು. ಕಥೆ ಬರೆದುಕೊಳ್ಳುತ್ತಿದ್ದ ನಾನು, ಬಾಗಿಲು ತೆರೆದರೇ ಎಂದು ಕೇಳಿದೆ. "ಬರಕೊಳ್ಳಾಕಿ ನೀನು, ನೀನ ಹೋಗಿ ತಗಿ" ಎಂದು ನಕ್ಕರು.

ನಿನ್ನ ರಕ್ತಪರೀಕ್ಷೆಯ ವರದಿ ತರಲು ಹಗರಿಬೊಮ್ಮನಹಳ್ಳಿಗೆ ಹೊರಟಿದ್ದೇನೆ. ಪರಾವಲಂಬಿ ಜೀವಿಯ ವಿರುದ್ಧ ನಿನ್ನ ರಕ್ತದಲ್ಲಿ ಪ್ರತಿಕಾಯಗಳು ಹುಟ್ಟಿವೆಯೇ ಎಂದು ಅದರಿಂದ ತಿಳಿಯುತ್ತದೆ. ಸ್ಪಷ್ಟವಾಗದಿದ್ದರೆ ನಿನ್ನ ಕೆನ್ನೆಯ ಹುಣ್ಣಿನ ಅಂಚನ್ನು ಕೆರೆದು ನೋಡುತ್ತಾರೆ. ಆದ್ದರಿಂದ ಅವ್ವ ಕೊಡುವ ಅರಿಸಿನ ಹಚ್ಚಬೇಡ. ಮರಳುನೊಣ ಕಚ್ಚಿ ಬಂದಿರಬಹುದೆಂದು ವೈದ್ಯರ ಅನುಮಾನ. ಅದು ಮುಟ್ಟಿದರೆ ಅಂಟುವುದಿಲ್ಲ. ಅವ್ವ ಕುಷ್ಠವೆಂದು ಹೆದರಿದ್ದಾಳೆ. ಕುಷ್ಠವಾಗಿದ್ದರೂ ಬೀಗ ಬೇಕಿರಲಿಲ್ಲ.

ವರದಿ ಏನೇ ಹೇಳಲಿ, ಬೀಗವನ್ನು ನನ್ನ ಚೀಲದಲ್ಲಿ ಹಾಕಿಕೊಂಡಿದ್ದೇನೆ. ಬಾಗಿಲು ತಳ್ಳಿದರೆ ತೆರೆಯುತ್ತದೆ. ಅಡುಗೆಮನೆಯಲ್ಲಿ ರೊಟ್ಟಿ ಇದೆ. ಪಡಸಾಲೆಯಲ್ಲಿ ಕುಳಿತು ತಿನ್ನು. ಅವ್ವ ಕೂಗಾಡಿದರೆ ಈ ಚೀಟಿ ಓದಿ ಹೇಳು.

ನಿನ್ನನ್ನು ಕೋಣೆಗೆ ಹಾಕಿ ಹತ್ತೊಂಬತ್ತು ದಿನವಾಯಿತು. ಆ ಭಾನುವಾರ ಖಾಸಿಂ ಬೀ ಮಾತು ನಿಲ್ಲಿಸಿದಾಗ, ಕೇಳುತ್ತಿದ್ದ ಹೆಂಗಸರೆಲ್ಲ ಸೆರಗು ಕೊಡವಿಕೊಂಡು ಎದ್ದು ಮನೆಗೆ ಹೋದರು. ನಾನೂ ಎದ್ದು ಮನೆಗೆ ಬಂದೆ. ಬಂದು, ನಿನ್ನ ಕೋಣೆಯ ಬೀಗ ಸರಿಯಾಗಿ ಬಿದ್ದಿದೆಯೇ ಎಂದು ಎಳೆದು ನೋಡಿದೆ.

ಅಕ್ಕ