ಸಾಕ್ಷಿ ಇಲ್ಲ ಎಂದು ಬರೆದರು

೧೪ ಜೂನ್ ೧೯೭೯, ಬೆಳಿಗ್ಗೆ

ಹಿಟ್ಟು ಉಬ್ಬಲಿಲ್ಲ. ಮಳೆ ಹಿಡಿದರೆ ಪುಣೆಯಲ್ಲಿ ಉದ್ದಿನ ಹಿಟ್ಟಿಗೂ ಸೋಮಾರಿತನ. ಇಡ್ಲಿ ಬಿಟ್ಟು ಉಪ್ಪಿಟ್ಟು ಮಾಡಿದೆ. ಮೆಸ್ಸಿಗೆ ಬರುವ ಬ್ಯಾಂಕಿನವರು ಮುಖ ಸಿಂಡರಿಸಿದರು. ಸಿಂಡರಿಸಲಿ. ಇವತ್ತು ಕೋರ್ಟು. ಯಂಕವ್ವ ಸಾಕ್ಷಿ ಹೇಳುವ ದಿನ. ನನ್ನ ಒಳ್ಳೆಯ ಸೀರೆ ಕೊಡುತ್ತೇನೆಂದೆ — ಬೇಡವಂತೆ, ತನ್ನ ಇಳಕಲ್ ಉಟ್ಟೇ ಬರುತ್ತಾಳಂತೆ.

ಸಂಜೆ

ಅವಳನ್ನು ಕಟಕಟೆಗೇ ಹತ್ತಿಸಲಿಲ್ಲ. ಸಾಕ್ಷಿಗಳ ಪಟ್ಟಿಯಲ್ಲಿ ಹೆಸರಿಲ್ಲ, ಈಗ ತಡವಾಯಿತು ಎಂದು ಜಡ್ಜ್ ಸಾಹೇಬರ ಆರ್ಡರ್. ಪಟ್ಟಿ ಕೊಡುವಾಗ ಅವಳು ಎಲ್ಲಿದ್ದಾಳೆಂದು ಯಾರಿಗೆ ಗೊತ್ತಿತ್ತು? ಗಾರೆ ಬುಟ್ಟಿ ಹೊರುವವಳು. ಇವತ್ತು ಯೆರವಡಾ, ನಾಳೆ ಇನ್ನೆಲ್ಲೋ. ಮೊನ್ನೆ ಪುಣೆ ಕ್ಯಾಂಪಿನ ಮಾರ್ಕೆಟ್ಟಿನಲ್ಲಿ ಯಾರೋ ಮರಾಠಿಯಲ್ಲಿ ಚೌಕಾಶಿ ಮಾಡಿ ಕನ್ನಡದಲ್ಲಿ ಬೈಯುತ್ತಿದ್ದರು. ತಿರುಗಿ ನೋಡಿದರೆ ಯಂಕವ್ವ.

ಆ ದಿನವೇ ಕಣ್ಣ ಮುಂದೆ ಬರುತ್ತಿದೆ... ಕ್ಯಾಂಪಿನಲ್ಲಿ ಹೋಟೆಲು ತೆರೆದ ದಿನ. ನೆಲದ ಗಾರೆ ಇನ್ನೂ ಹಸಿ. ಹೊಸ ಒಲೆಯ ಮೇಲೆ ಹಾಲು ಉಕ್ಕಿಸಿದ್ದು ಇವರು ಮತ್ತು ನಾನು. ಸಂಬಳಕ್ಕೆ ಬಂದವರು ಹಾಲು ಉಕ್ಕಿಸುವ ಪದ್ಧತಿ ನಮ್ಮಲ್ಲಿ ಎಲ್ಲಿದೆ? ಹಾಲು ಉಕ್ಕುವಾಗ ಮೋಹನದಾಸ ಭಾವ — ಇವರ ದೊಡ್ಡಪ್ಪನ ಮಗ — ಗಟ್ಟಿಯಾಗಿ ಹೇಳಿದರು, "ರಘುರಾಮ, ಇದ್ರಲ್ಲಿ ಅರ್ಧ ನಿಂದು, ಅರ್ಧ ನಂದು. ದೇವರ ಎದುರು ಹೇಳಿದ್ದು."

ಕಾಗದ ಮಾಡಿಸುವ ಎಂದು ನಾನೇ ಇವರಿಗೆ ಪಿಸುಗುಟ್ಟಿದ್ದೆ. ಅಣ್ಣನ ಹತ್ತಿರ ಕಾಗದ ಕೇಳಿದರೆ ಮರ್ಯಾದೆ ಎಲ್ಲಿ ಉಳಿಯುತ್ತದೆ ಎಂದು ಕಣ್ಣು ಬಿಟ್ಟರು. ಈಗ ಇವರಿಲ್ಲ. ಇವರ ಅರ್ಧ ಪಾಲು ಕೇಳಿ ನಾನು ದಾವಾ ಹಾಕಿದೆ. ಭಾವ ಕೋರ್ಟಿನಲ್ಲಿ ಹೇಳುತ್ತಾರೆ — ರಘುರಾಮ ನನ್ನ ಪಾಲುದಾರನಲ್ಲ, ಸಂಬಳದ ಅಡಿಗೆಯವನು.

ಊರಲ್ಲಾಗಿದ್ದರೆ ಆ ಮಾತು ಕೇಳಿದವರು ನೂರು ಜನ ಇರುತ್ತಿದ್ದರು. ಇಲ್ಲಿ ಅವತ್ತು ಇದ್ದದ್ದು ಮರಾಠಿ ಗೌಂಡಿಗಳು. ಅವರಿಗೆ ಒಂದಕ್ಷರ ತಿಳಿಯಲಿಲ್ಲ. ತಿಳಿದದ್ದು ಬುಟ್ಟಿ ಹೊತ್ತು ಬಾಗಿಲಲ್ಲಿ ನಿಂತಿದ್ದ ಯಂಕವ್ವನಿಗೆ ಮಾತ್ರ.

ಈರಣ್ಣ ವಕೀಲರಿಗೆ ಅಲ್ಲೇ ಹೇಳಿದೆ, ಇವತ್ತೇ ಮೇಲಿನ ಕೋರ್ಟಿಗೆ ಹೋಗುವ ಎಂದು.

"ಇದಕ್ಕ ಅಪೀಲು ಇಲ್ರಿ ಅಕ್ಕಾವ್ರ. ಆಖೇರಿ ತೀರ್ಪು ಬರೂ ಮಟಾ ಕಾಯಬೇಕು."

"ತಪ್ಪಾದದ್ದು ಇವತ್ತು. ಅಪೀಲು ಯಾವತ್ತೋ ಎಂತಕ್ಕೆ?"

"ಆಸ್ತಿ ನೋಡ್ಕೊಳ್ಳಾಕ ರಿಸೀವರ್ ಹಾಕೂದು, ತಡೆಯಾಜ್ಞೆ — ಅಂಥ ಕೆಲವಕ್ಕ ನಡುವ ಹೋಗಾಕ ಬರ್ತದ. ಸಾಕ್ಷಿ ತಗೋಬೇಕೋ ಬ್ಯಾಡೋ ಅನ್ನೂದಕ್ಕ ಇಲ್ಲ. ಒಂದೊಂದು ಆರ್ಡರಿಗೂ ಮ್ಯಾಲ ಓಡಿದ್ರ ಕೇಸು ಮುಗಿಯೂದು ಯಾವಾಗ್ರಿ? ಇಡ್ಲಿ ಪಾತ್ರಿ ಮುಚ್ಚಳ ಘಳಿಗಿಗೊಮ್ಮೆ ತಗದ್ರ ಬೇಯ್ತದೇನು?"

"ನನಗೆ ಇಡ್ಲಿ ಕಲಿಸ್ಲಿಕ್ಕೆ ಬರ್ಬೇಡಿ."

ನಕ್ಕರು. ನನಗೆ ನಗು ಬರಲಿಲ್ಲ. ನಮ್ಮ ತಕರಾರು ಬರೆಸಿದ್ದಾರಂತೆ, ಎಲ್ಲಿಗೂ ಹೋಗುವುದಿಲ್ಲವಂತೆ. ಡಿಕ್ರಿ — ಆ ಆಖೇರಿ ತೀರ್ಪು — ಆದ ಮೇಲೆ ಅಪೀಲಿನಲ್ಲಿ ಅದನ್ನೂ ಎತ್ತಬಹುದಂತೆ. ಅಲ್ಲಿಯವರೆಗೆ ಯಂಕವ್ವನನ್ನು ಉಪ್ಪಿನಕಾಯಿ ಭರಣಿಯಲ್ಲಿ ಹಾಕಿ ಇಡಲೇ?

೧೭ ಜೂನ್

ಯೆರವಡಾಕ್ಕೆ ಹೋಗಿದ್ದೆ. ಜೈಲಿನ ಗೋಡೆ ದಾಟಿ ಆಚೆ ಅವಳ ಗುಡಿಸಲು. ಕೆಸರು. ರೊಟ್ಟಿ ಬಡಿಯುತ್ತಿದ್ದಳು.

"ಅಲ್ರೀ ಅಕ್ಕಾರ, ಬುಟ್ಟಿ ಹೊರಾಕ ನಾ ಬೇಕು, ಮಾತ ಹೇಳಾಕ ಬ್ಯಾಡೇನು? ನನಗೇನ ಕಿವಿ ಇಲ್ಲೇನು?"

ಮುಂದಿನ ವಾರ ಗ್ಯಾಂಗಿನ ಜೊತೆ ಇಂದಾಪುರಕ್ಕೆ ಹೋಗುತ್ತಾಳಂತೆ. ಅಲ್ಲಿ ಸಕ್ಕರೆ ಕಾರ್ಖಾನೆಯ ಗೋದಾಮು ಕಟ್ಟುತ್ತಿದ್ದಾರೆ. ಹೋಗಬೇಡ ಎನ್ನಲು ನಾನು ಯಾರು? ಕರೆದಾಗ ಬರುತ್ತೀಯಾ ಎಂದೆ. "ಜೀವ ಇದ್ರ ಬರ್ತೀನ್ರಿ" ಎಂದಳು. ಬಿಸಿ ರೊಟ್ಟಿ ಕೊಟ್ಟಳು, ಜೊತೆಗೆ ಕಣ್ಣಲ್ಲಿ ನೀರು ಬರಿಸುವ ಖಾರ. ಅಳು ಬಂದದ್ದಕ್ಕೆ ಒಳ್ಳೆಯ ನೆವ ಆಯಿತು.

೨೦ ಫೆಬ್ರವರಿ ೧೯೮೦

ಬಹಳ ದಿನ ಬರೆದಿಲ್ಲ. ತಾರೀಖು, ಮುಂದಕ್ಕೆ, ತಾರೀಖು, ಮುಂದಕ್ಕೆ. ಬರೆಯಲು ಎಂತ ಇದೆ?

ಇವತ್ತು ಇದೆ. ಭಾವ ಹೊಸ ಅರ್ಜಿ ಹಾಕಿದ್ದರು. ತಮ್ಮ ಹೇಳಿಕೆಗೆ ಇನ್ನೊಂದು ಕಥೆ ಸೇರಿಸಬೇಕಂತೆ — ರಘುರಾಮ ಅಡಿಗೆಯವನೇ, ಒಂದು ವೇಳೆ ಪಾಲುದಾರ ಆಗಿದ್ದರೂ ಸಾಯುವ ಮೊದಲೇ ಬಿಟ್ಟುಕೊಟ್ಟಿದ್ದ! ಎರಡು ದೋಣಿಯಲ್ಲಿ ಕಾಲು. ಸಾಹೇಬರು ಅರ್ಜಿ ವಜಾ ಮಾಡಿದರು. ಇಷ್ಟು ವರ್ಷ ಇಲ್ಲದ ಕಥೆ ಈಗ ಬೇಡ ಎಂದರು.

ಭಾವ ವರಾಂಡದಲ್ಲಿ ತಮ್ಮ ವಕೀಲರ ಮೇಲೆ ಕೂಗುತ್ತಿದ್ದರು. ನಾಳೆಯೇ ಮೇಲೆ ಹೋಗುವ, ಎಷ್ಟಾದರೂ ಆಗಲಿ. ಅವರ ವಕೀಲರು ತಲೆ ಅಲ್ಲಾಡಿಸಿದರು. ಆಖೇರಿ ತೀರ್ಪಿನ ನಂತರ.

ಈರಣ್ಣನವರು ನನ್ನ ಕಡೆ ನೋಡಿ, "ಮುಚ್ಚಳ ಅವ್ರಿಗೂ ತಗ್ಯಾಕ ಬಿಡೂದಿಲ್ರಿ" ಎಂದರು.

ಬಸ್ಸಿನಲ್ಲಿ ಕೂತು ಯೋಚಿಸಿದೆ. ಭಾವನಿಗೆ ಕಾರು ಇದೆ, ದೊಡ್ಡ ವಕೀಲರಿದ್ದಾರೆ. ಒಂದೊಂದು ಆರ್ಡರಿಗೂ ಮೇಲೆ ಹೋಗಬಹುದಾಗಿದ್ದರೆ ತಿಂಗಳಿಗೊಮ್ಮೆ ನನ್ನನ್ನು ಎಳೆದಾಡುತ್ತಿದ್ದರು. ನಾನು ಪ್ರತಿ ಸಲ ಮೆಸ್ಸಿಗೆ ಬೀಗ ಹಾಕಬೇಕಿತ್ತು. ಕೇಸು ಸಾಯುವ ಮೊದಲು ನಾನು ಸಾಯುತ್ತಿದ್ದೆ. ಹಾಗಾದರೆ ಈ ಕಾಯುವ ಕಾನೂನು ನನಗೂ ಆಗಿ ಬಂತು ಎನ್ನಬೇಕು. ಈರಣ್ಣನವರಿಗೆ ಹೇಳುವುದಿಲ್ಲ. ಮತ್ತೆ ಇಡ್ಲಿ ಮಾತು ತೆಗೆಯುತ್ತಾರೆ.

ಆದರೂ ಯಂಕವ್ವನ ಮಟ್ಟಿಗೆ ಅದು ತಪ್ಪೇ. ಸಾಯುವವರೆಗೂ ತಪ್ಪೇ ಎನ್ನುತ್ತೇನೆ.

ನವೆಂಬರ್ ೧೯೮೧

ಸಾಹೇಬರಿಗೆ ವರ್ಗವಾಯಿತು. ಹೊಸಬರು ಮೊದಲಿನಿಂದ ಓದಬೇಕಂತೆ. ಓದಲಿ. ನಾನೂ ಇಲ್ಲೇ ಇದ್ದೇನೆ.

೮ ಆಗಸ್ಟ್ ೧೯೮೨

ಭಾವ ಮೆಸ್ಸಿಗೆ ಬಂದರು! ಎಲ್ಲರ ಜೊತೆ ಬೆಂಚಿನಲ್ಲಿ ಕೂತರು. ಹುರುಳಿ ಸಾರು ಎರಡು ಸಲ ಹಾಕಿಸಿಕೊಂಡರು. ಕೈ ತೊಳೆದು ಬಂದು ಹೇಳಿದರು, "ಅಕ್ಕು, ಕೋರ್ಟು ಎಲ್ಲ ಸಾಕು ಮಾಡುವ. ನನ್ನ ಯೆರವಡಾದ ಚಾ ಹೋಟೆಲು ನಿನ್ನ ಹೆಸರಿಗೆ ಮಾಡ್ತೇನೆ. ಅಪ್ಪಿಗೂ ಗಂಡು ನೋಡ್ಬೇಕಲ್ಲ."

ರಾಜಿ ಕಾಗದ ತಂದೇ ಇದ್ದರು. ಮಗಳು ಅಪ್ಪಿ ಓದಿ ಮರಾಠಿಯಿಂದ ಕನ್ನಡಕ್ಕೆ ಹೇಳಿದಳು. "ನಮ್ಮಲ್ಲಿ ಅಡಿಗೆ ಕೆಲಸಕ್ಕಿದ್ದ ದಿವಂಗತ ರಘುರಾಮರ ಸೇವೆಯನ್ನು ನೆನೆದು, ಅವರ ವಿಧವೆಗೆ ದಯೆಯಿಂದ..." ಮುಂದೆ ಓದಬೇಡ ಎಂದೆ. ಊಟ ಮಾಡಿದ್ದೀರಿ, ಹೋಗಿ ಬನ್ನಿ ಭಾವ ಎಂದೆ.

ಮಗಳು ಅತ್ತಳು. "ಅಮ್ಮ, ಒಂದು ಹೋಟೆಲ್ ಸಿಗ್ತದಲ್ಲ. ಎಂತ ಬರೆದ್ರೆ ಎಂತ? ನಿನ್ನ ಬೆನ್ನು ನೋಡು, ಬಗ್ಗಿ ಹೋಗಿದೆ."

ಅವಳ ಮಾತಲ್ಲಿ ಸುಳ್ಳಿಲ್ಲ. ಬೆನ್ನು ನೋಯುತ್ತದೆ. ಆ ಹೋಟೆಲು ಸಿಕ್ಕಿದರೆ ನಾಳೆಯಿಂದ ನಾನು ರುಬ್ಬಬೇಕಾಗಿಲ್ಲ.

೧೨ ಆಗಸ್ಟ್

ಮೊನ್ನೆ ಈರಣ್ಣನವರನ್ನು ಕೇಳಿದೆ. ಸಹಿ ಹಾಕಿ ಆಮೇಲೆ ಆ ಒಂದು ಸಾಲಿನ ಮೇಲೆ ಅಪೀಲು ಮಾಡಿದರೆ?

"ರಾಜಿ ಡಿಕ್ರಿಗೆ ಅಪೀಲು ಇಲ್ರಿ. ನೀವ ಒಪ್ಪಿ ಸಹಿ ಮಾಡಿದ ಮ್ಯಾಲ ಮ್ಯಾಲಿನವ್ರು ಏನ ನೋಡ್ತಾರ? ಅಲ್ಲೇ ಮುಗೀತು."

"ರಾಜಿ ಮಾಡದೆ ಸೋತರೆ?"

"ಸೋತ್ರ ಅಪೀಲು ಅದ. ಪೂರಾ ಅದ."

ನೋಡಿ ಚಂದ! ಗೆದ್ದ ಹಾಗೆ ಕಾಣುವ ಕಾಗದಕ್ಕೆ ಬಾಗಿಲು ಮುಚ್ಚುತ್ತದೆ, ಸೋಲಿಗೆ ತೆರೆದಿರುತ್ತದೆ. ಹಾಗಾದರೆ ಸೋಲೇ ಬರಲಿ. ಅಪ್ಪಿ ಎರಡು ದಿನ ಬೇರೆ ಕೂತು ಊಟ ಮಾಡಿದಳು. ಮೂರನೆಯ ದಿನ ತಾನೇ ರುಬ್ಬಲು ಕೂತಳು. ನಾನು ಉದ್ದು ತೊಳೆದು ಕೊಟ್ಟೆ.

೨೨ ಮಾರ್ಚ್ ೧೯೮೩, ಸಂಜೆ

ಸೋತೆ. ದಾವಾ ವಜಾ.

ಸಾಹೇಬರು ಓದುವಾಗ ಅಪ್ಪಿ ಕೈ ಹಿಡಿದುಕೊಂಡಳು. ಹೊರಗೆ ಬಂದಾಗ ಭಾವ ಮೆಟ್ಟಿಲ ಹತ್ತಿರ ಕಾದು ನಿಂತಿದ್ದರು. ಮುಖದಲ್ಲಿ ಸಂತೋಷಕ್ಕಿಂತ ಸುಸ್ತೇ ಹೆಚ್ಚು. ಅವರಿಗೂ ವಯಸ್ಸಾಗಿದೆ.

"ಈಗಾದ್ರೂ ಮುಗೀತಲ್ಲ ಅಕ್ಕು."

"ಇಲ್ಲ ಭಾವ. ಈಗ ಶುರು."

ನಾಲ್ಕು ವರ್ಷ ಈ ಮಾತಿಗೆ ಕಾದಿದ್ದೆ.

೧೧ ಏಪ್ರಿಲ್

ತೀರ್ಪಿನ ನಕಲು ಸಿಕ್ಕಿತು. ಇಂಗ್ಲಿಷು. ಈರಣ್ಣನವರು ಓದಿ ಓದಿ ಹೇಳುತ್ತಿದ್ದರು. ಒಂದು ಕಡೆ ನಿಂತರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಆಮೇಲೆ ಮೇಜು ಗುದ್ದಿದ್ದಕ್ಕೆ ಚಹಾ ಚೆಲ್ಲಿತು.

"ಬರದಾರ್ರಿ ಅಕ್ಕಾವ್ರ! ಬರದ ಬಿಟ್ಟಾರ!"

ಸಾಹೇಬರು ಬರೆದದ್ದು ಇದು — ಅರ್ಧ ಪಾಲಿನ ಮಾತು ಆಡಿದ್ದನ್ನು ಕೇಳಿದ ಹೊರಗಿನ ಸಾಕ್ಷಿ ಒಬ್ಬರೂ ಇಲ್ಲ, ಆದ್ದರಿಂದ ನಂಬಲಾಗದು.

ಬಾಗಿಲಿಗೆ ಬಂದವಳನ್ನು ಒಳಗೆ ಬಿಡಲಿಲ್ಲ. ಈಗ ಯಾರೂ ಬರಲಿಲ್ಲ ಎನ್ನುತ್ತಾರೆ! ಈರಣ್ಣನವರು ಮಾತ್ರ ನಗುತ್ತಿದ್ದರು. ಅವತ್ತೇ ಓಡಿದ್ದರೆ ಯಂಕವ್ವನ ಮಾತು ಎಷ್ಟು ಮುಖ್ಯ ಎಂದು ತೋರಿಸುವುದು ಕಷ್ಟವಿತ್ತು, ಇಡೀ ಕೇಸು ಅದರ ಮೇಲೇ ನಿಂತಿದೆ ಎಂದು ಈಗ ಕೋರ್ಟೇ ಬರೆದುಕೊಟ್ಟಿದೆ, ಅವಳ ಸಾಕ್ಷಿ ತೆಗೆದುಕೊಳ್ಳಿ ಎಂದು ಮೇಲಿನ ಕೋರ್ಟನ್ನು ಕೇಳಬಹುದು ಎಂದರು. ಅವಕಾಶ ಕೊಡುತ್ತಾರೋ ಇಲ್ಲವೋ, ಅದು ಅವರ ಇಷ್ಟ. ಕೇಳುವ ಹಕ್ಕು ನಮ್ಮದು.

"ಆದ್ರ ಆ ಹೆಣ್ಣಮಗಳು ಅದಾಳೇನ್ರಿ ಇನ್ನ?"

ಅದೇ ನನಗೂ ಗೊತ್ತಿಲ್ಲ.

೧೩ ಏಪ್ರಿಲ್, ಇಂದಾಪುರ

ಎಸ್ಟಿ ಬಸ್ಸಿನಲ್ಲಿ ಬಂದೆ. ದಾರಿಯುದ್ದಕ್ಕೂ ಕಬ್ಬು. ಗೋದಾಮು ಕಟ್ಟಿ ಎಷ್ಟೋ ಕಾಲವಾಗಿದೆ, ಗ್ಯಾಂಗು ಚದುರಿದೆ. ಕಾರ್ಖಾನೆಯ ಗೇಟಿನವನು ಕೈ ಅಲ್ಲಾಡಿಸಿದ. ಒಂದು ಗಳಿಗೆ ಎಲ್ಲ ಮುಗಿಯಿತು ಅನ್ನಿಸಿತು. ಸ್ಟ್ಯಾಂಡಿನ ಹಿಂದೆ ಗುಡಿಸಲುಗಳಿದ್ದವು. ಅಲ್ಲಿ ಸುಮ್ಮನೆ ನಿಂತು ಕನ್ನಡದಲ್ಲಿ ಕೂಗಿದೆ, "ಯಂಕವ್ವಾ!"

ಮೂರು ಯಂಕವ್ವಂದಿರು ಹೊರಗೆ ಬಂದರು. ಮೂರನೆಯವಳು ನಮ್ಮವಳು. ಕೂದಲು ಬೆಳ್ಳಗಾಗಿದೆ. ಬುಟ್ಟಿ ಹೊರಲು ಆಗುವುದಿಲ್ಲವಂತೆ. ಸೋತೆ ಎಂದೆ.

"ಸೋತ ಬಂದು ನಗಾಕ ಹತ್ತೀರಲ್ರಿ ಅಕ್ಕಾರ!"

ಆ ದಿನ ನೆನಪಿದೆಯಾ ಎಂದು ಕೇಳಲು ಹೆದರಿಕೆಯಾಯಿತು. ಕೇಳಿದೆ.

"ಇಲ್ಲದೇನ್ರಿ? ಹಾಲ ಉಕ್ಕಿ ಹಸಿ ಗಾರಿ ಮ್ಯಾಲ ಬಿತ್ತು, ನಾನ ಮತ್ತ ತಿಕ್ಕಿದೆ. ಅರ್ಧ ನಿಂದು ಅರ್ಧ ನಂದು ಅಂದ ಆ ಅಣ್ಣ, ನನಗೂ ಒಂದ ಬಟ್ಟಲಾ ಹಾಲ ಕೊಟ್ಟ. ಮರೀತೀನೇನು?"

ಭಾವ ಅವಳಿಗೆ ಹಾಲು ಕೊಟ್ಟದ್ದು ನನಗೇ ಮರೆತಿತ್ತು. ಅವರಿಗೆ ನೆನಪಿರಬಹುದು.

ಈ ಸಲ ನಿನ್ನನ್ನು ಒಳಗೆ ಬಿಡಬೇಕೆಂದು ಕೇಳುತ್ತೇನೆ ಎಂದೆ. ಬಿಡದಿದ್ದರೆ ಎಂದಳು. ಅದಕ್ಕೂ ಮೇಲೆ ಇನ್ನೊಂದು ಕೋರ್ಟಿದೆ ಎಂದೆ. ಇಳಕಲ್ ಸೀರೆಯನ್ನು ಗಂಟಿನಿಂದ ತೆಗೆದು ಕೊಡವಿದಳು. ಅದೇ ಸೀರೆ.

ಪುಣೆ ಬಸ್ಸು ಬಂತು. ಅವಳು ಆಗಲೇ ಹತ್ತಿ ಕಿಟಕಿಯಿಂದ ಕೂಗುತ್ತಿದ್ದಾಳೆ, ಬರ್ರಿ ಅಕ್ಕಾರ, ಜಾಗಾ ಹಿಡದೀನಿ ಬರ್ರಿ. ಉಳಿದದ್ದು ಪುಣೆಗೆ ಹೋಗಿ —