ಬಿಳಿ ಬಂಡೆಯ ಕೆಳಗಿನ ಕೂಗು

ಶಿಗ್ಗಾಂವಿ
೧೨ ನವೆಂಬರ ೧೯೫೯

ಪ್ರೀತಿಯ ಅಕ್ಕಾ,

ನಿನ್ನ ಪಾದ ಮುಟ್ಟಿ ನಿನ್ನ ತಮ್ಮನ ನಮಸ್ಕಾರ. ಮಂಡಿಯ ಬಾವು ಇಳಿದಿದೆಯೋ ಇಲ್ಲವೋ, ಮೊದಲು ಅದನ್ನು ಬರೆಯಿಸು. ನಾನು ಕಳಿಸಿದ ಎಣ್ಣೆಯನ್ನು ಬಿಸಿ ಮಾಡಿ ಹಚ್ಚಿಕೋ ಎಂದರೆ ನೀನು ಅದನ್ನು ಎಮ್ಮೆಯ ಕಾಲಿಗೆ ತಿಕ್ಕಿದೆಯಂತೆ. ಎಮ್ಮೆಗೆ ಗುಣವಾಗಿದ್ದರೆ ಸಂತೋಷ. ಮಾವನವರ ದಮ್ಮು ಈ ಚಳಿಗೆ ಏಳುತ್ತದೆ, ಬೀಡಿ ಬಿಡಿಸು. ಇದನ್ನು ನಿನಗೆ ಓದಿ ಹೇಳುತ್ತಿರುವ ನಿನ್ನ ಮಗಳು ಮಾದೇವಿಗೆ ಆಶೀರ್ವಾದ. ಮಾದೇವಿ, ನಿಮ್ಮವ್ವನ ಎಡಗಿವಿ ಮಂದ, ಬಲಕ್ಕೆ ಕೂತು ನಿಧಾನವಾಗಿ ಓದು. ನಿನ್ನ ಮಾತೇ ಇದರಲ್ಲಿ ಬಹಳ ಬರುತ್ತದೆ, ನಾಚಿಕೊಂಡು ಸಾಲು ಬಿಡಬೇಡ.

ಪರದೇಶದಿಂದ ಬಂದು ಇಷ್ಟು ದಿನವಾದರೂ ನಾನು ಚಿಕ್ಕೇರೂರಿನ ಕಡೆ ತಲೆ ಹಾಕಲಿಲ್ಲವೆಂದು ನೀನು ಸಿಟ್ಟಾಗಿದ್ದೀ. "ಗುದ್ಲೆಪ್ಪ ಸಾಹೇಬ ಆಗಿ ಬಂದಾನ, ಅಕ್ಕನ ಮನಿ ದಾರಿ ಮರತಾನ" ಎಂದು ಸಂತೆಗೆ ಬಂದವರ ಕೈಯಲ್ಲಿ ಹೇಳಿಕಳಿಸಿದ್ದು ಮುಟ್ಟಿತು. ಸಾಹೇಬನೂ ಆಗಿಲ್ಲ, ದಾರಿಯೂ ಮರೆತಿಲ್ಲ. ನೀನು ನನ್ನ ಮೇಲೆ ಹೊರಿಸಿ ಕಳಿಸಿದ ಮಾತಿಗೆ ಉತ್ತರ ಸಿಗುವತನಕ ನಿನ್ನ ಮುಂದೆ ಬಂದು ಕೂಡ್ರುವ ಧೈರ್ಯವಾಗಲಿಲ್ಲ. ಹಿರೇಕೆರೂರಿನ ಮೋಟಾರು ನಿಲ್ಲುವಲ್ಲಿ ನೀನು ನನ್ನ ತೋಳು ಹಿಡಿದು ಅಂದದ್ದು ನೆನಪಿದೆ: "ಸರಕಾರದ ಕಾಗದ ನನಗ ಬ್ಯಾಡೋ. ನೀ ಆ ಜಾಗಾ ನೋಡಿ ಬಾ. ಉಳಿವ್ಯಾ ಇಲ್ಲ ಅಂತ ನೀ ಅಂದ್ರ ಇಲ್ಲ, ಅದಾನ ಅಂದ್ರ ಅದಾನ." ಉಳಿವೆಪ್ಪ ನಮ್ಮಿಬ್ಬರಿಗೂ ತಮ್ಮ. ನಿನಗೆ ತಮ್ಮನೂ ಹೌದು, ಮಾದೇವಿಯ ಗಂಡನಾಗಿ ಅಳಿಯನೂ ಹೌದು. ಅವನು ಇದ್ದಾನೆಂದರೆ ಮಗಳ ಬಾಳು ಹೀಗೇ ಬಳೆ ತೊಟ್ಟುಕೊಂಡು ಬಾಗಿಲು ಕಾಯುವುದರಲ್ಲಿ ಮುಗಿಯುತ್ತದೆ. ಇಲ್ಲವೆಂದರೆ ನೀನೇ ಎತ್ತಿ ಬೆಳೆಸಿದ ತಮ್ಮನಿಗೆ ಮಾನವಮಿ ಅಮಾವಾಸ್ಯೆಯ ದಿನ ಹಿರಿಯರ ಸಾಲಿನಲ್ಲಿ ಎಡೆ ಇಡಬೇಕು. ಈ ವರ್ಷವೂ ನೀನು ಇಡಲಿಲ್ಲವೆಂದು ಕೇಳಿದೆ. ತಡಸದ ಚನ್ನವೀರಪ್ಪ ಮಾದೇವಿಯನ್ನು ಉಡಿಕೆಯ ಮರುಮದುವೆ ಮಾಡಿಕೊಳ್ಳುತ್ತೇನೆಂದು ನಿನ್ನ ಒಂದು ಮಾತಿಗಾಗಿ ಎಷ್ಟು ಸುಗ್ಗಿ ಕಾದ. ಹೆಂಡತಿ ಸತ್ತವನು, ಮನೆಯಲ್ಲಿ ತಾಯಿಲ್ಲದ ಹೆಣ್ಣು ಮಗು, ಕಾರ್ತಿಕ ಮುಗಿದರೆ ಬೇರೆ ಕಡೆ ನೋಡುತ್ತೇನೆ ಅಂದದ್ದರಲ್ಲಿ ಅವನ ತಪ್ಪೇನೂ ಇಲ್ಲ.

ಸರಕಾರದ ಕಾಗದದ ಮೇಲೆ ನಿನಗೆ ಸಿಟ್ಟಿದ್ದರೆ ನನಗೆ ಅದರ ಹತ್ತರಷ್ಟಿದೆ. "ಕಾಣೆಯಾಗಿದ್ದಾನೆ, ಸತ್ತಿರಬಹುದೆಂದು ನಂಬಲಾಗಿದೆ." ನಂಬಿದವರು ಯಾರು ಎಂದು ನಾನು ಕೇಳಿ ಬರೆದೆ. ಉತ್ತರವಿಲ್ಲ. ಇಂಗ್ರೇಜಿಯವರು ಹೋದ ಮೇಲೆ ದಿಲ್ಲಿಗೆ ಬರೆದೆ, ದಿಲ್ಲಿ ಮುಂಬಯಿಗೆ ದಾಟಿಸಿತು, ರಾಜ್ಯಗಳನ್ನು ಒಡೆದು ಕಟ್ಟಿದ ಮೇಲೆ ಮುಂಬಯಿಯವರು ನೀವೀಗ ಮೈಸೂರಿನವರು, ಅಲ್ಲಿ ಕೇಳಿರಿ ಅಂದರು. ಒಬ್ಬ ಮನುಷ್ಯ ಸತ್ತನೋ ಬದುಕಿದನೋ ಎಂಬುದು ಯಾವ ರಾಜ್ಯದ ಖಾತೆ? ಏಳು ವರ್ಷ ಸುದ್ದಿ ಇಲ್ಲದವನನ್ನು ಸತ್ತವನೆಂದು ತಿಳಿಯಬಹುದೆಂದು ಕಾಯದೆ ಇದೆ, ಓದಿದ್ದೇನೆ. ನಿನಗೆ ಹೇಳಿಯೂ ಇದ್ದೆ. "ಕಾಯದೆ ಅವನನ್ನ ಹಡದಿತ್ತೇನು" ಅಂದೆ ನೀನು.

ನಾನು ಯಾವುದನ್ನೂ ಮರೆತಿಲ್ಲ ಅಕ್ಕಾ. ಹಾನಗಲ್ಲಿನ ಚಾವಡಿಯ ಮುಂದೆ ಬ್ಯಾಂಡು ಬಾರಿಸಿ ಪಲ್ಟನ್ನಿಗೆ ಜನ ಕೂಡಿಸಿದಾಗ ಕುರ್ಚಿ ಹತ್ತಿ ನಿಂತ ಸುಬೇದಾರ "ಕಡಲು ತೋರಸ್ತೀವಿ" ಅಂದ. ಇದು ನಮ್ಮ ಯುದ್ಧವಲ್ಲ ಎಂದು ಗುಂಪಿನಲ್ಲಿ ನಿಂತು ಕೂಗಿದ ನನ್ನ ಕಪಾಳಕ್ಕೆ ಫೌಜದಾರ ಬಾರಿಸಿದ. ಉಳಿವೆಪ್ಪ ನನ್ನ ಕೆನ್ನೆ ನೋಡಿ ನಕ್ಕ. ನಕ್ಕು, ನೆಟ್ಟಗೆ ಹೋಗಿ ಹೆಸರು ಬರೆಸಿದ. ದನಕರುಗಳ ಸಂಗತಿ ಬಲ್ಲವನೆಂದು ಅವನಿಗೆ ಹೇಸರಗತ್ತೆ ಹೊಡೆಯುವ ಕೆಲಸ ಕೊಟ್ಟು ಇಟಲಿಗೆ ಒಯ್ದರು. ಅಲ್ಲಿಂದ ಬಂದ ಕಡೆಯ ಪತ್ರದಲ್ಲಿ ಊರಿನ ಹೆಸರಿಗೆ ಮಸಿ ಬಳಿದಿದ್ದರು. ಉಳಿದದ್ದು ಇಷ್ಟು: "ಇಲ್ಲಿ ಗುಡ್ಡಕ್ಕ ಸುಣ್ಣಾ ಬಳದಂಗ ಐತಿ, ಕೆಳಗ ನೀಲಿ ನೀರು. ನನ್ನ ಹೇಸರಗತ್ತಿ ಕಡಲ ನೋಡಿ ಅಂಜತೈತಿ, ನಾ ಅಂಜಂಗಿಲ್ಲ." ಧಾರವಾಡದ ವಾಚನಾಲಯದಲ್ಲಿ ಯುದ್ಧದ ಪುಸ್ತಕಗಳ ನಕಾಶೆ ನೋಡಿ ನೋಡಿ ಆ ಜಾಗ ಯಾವುದಿರಬೇಕೆಂದು ನಾನು ಗುರುತು ಹಾಕಿಕೊಂಡಿದ್ದೆ. ಹತ್ತಿ ಮಾರಾಟ ಸಂಘಗಳಿಂದ ಕೆಲವರನ್ನು ಇಟಲಿಯ ನೂಲಿನ ಗಿರಣಿ ನೋಡಲು ಕಳಿಸುತ್ತಾರೆಂದಾಗ ನಾನು ಹೋದದ್ದು ಗಿರಣಿ ನೋಡಲಿಕ್ಕಲ್ಲ, ಅದು ನಿನಗೆ ಗೊತ್ತೇ ಇದೆ.

ನಮ್ಮ ತಂಡದ ಮುಖಂಡರು ಗಿರಣಿಗಳಲ್ಲಿ ತೂಕಡಿಸಿ ಊಟದ ಹೊತ್ತಿಗೆ ಎಚ್ಚರಾಗುವ ಪೈಕಿ. ಒಂದು ದಿನದ ರಜೆ ಕೇಳಿದರೆ ಸರಕಾರದ ಖರ್ಚಿನಲ್ಲಿ ಸ್ವಂತ ಕೆಲಸವೇ ಎಂದು ನನಗೆ ಉಪದೇಶ ಮಾಡಿದರು. ನಮ್ಮ ತಮ್ಮ ಯಾರ ಸ್ವಂತ ಕೆಲಸಕ್ಕೆ ಇಲ್ಲಿಗೆ ಬಂದಿದ್ದನೆಂದು ನಾನು ಕೇಳಿದ ಮೇಲೆ ರಜೆ ಕೊಟ್ಟರು. ಜೊತೆಗೆ ಸವಣೂರಿನ ಜಮಾಲಸಾಬ ಬಂದರು. ಅವರಿಗೆ ಎಲೆಬಳ್ಳಿಯ ತೋಟವಿದೆ, ಹತ್ತಿಯೂ ಇದೆ, ಬಾಯಂತೂ ಇದ್ದೇ ಇದೆ. ಇಂಗ್ರೇಜಿ ಬಲ್ಲ ಅಲ್ಲಿನ ಒಬ್ಬ ದಪ್ಪ ಮಾಸ್ತರ ದುಭಾಷಿಯಾಗಿ ಬಂದ.

ಜಾಗ ಚೆಲುವಾಗಿದೆ, ಸುಳ್ಳು ಹೇಳುವುದಿಲ್ಲ. ಗುಡ್ಡವನ್ನು ಮೇಲಿನಿಂದ ಕೆಳತನಕ ಕುಡಗೋಲಿನಿಂದ ಕೊಯ್ದು ಅರ್ಧವನ್ನು ಕಡಲಿಗೆ ಚೆಲ್ಲಿದಂತೆ ಬಿಳಿ ಬಂಡೆ ನೆಟ್ಟಗೆ ನಿಂತಿದೆ. ಅದರ ಬುಡದಲ್ಲಿ ಉಸುಕಿಲ್ಲ, ಕೋಳಿಮೊಟ್ಟೆಯಂಥ ಬಿಳಿ ಕಲ್ಲು. ನೀರು ಕಲ್ಲಿನ ಹತ್ತಿರ ಹಸಿರು, ದೂರಕ್ಕೆ ನೀಲಿ. ದುಡ್ಡಿದ್ದವರು ಇದನ್ನು ನೋಡಲೆಂದೇ ದೂರದೂರದಿಂದ ಬಂದು ಬಿಸಿಲಿಗೆ ಮೈಚೆಲ್ಲಿ ಹಪ್ಪಳದಂತೆ ಒಣಗುತ್ತಾರೆ. ನಮ್ಮ ಕಡೆಯ ಹುಡುಗರನ್ನು ತಂದು ಹೇಸರಗತ್ತೆಯ ಹಿಂದೆ ಓಡಿಸಿದ ದಾರಿ ಅವರ ತಲೆಯ ಮೇಲೇ ಇದೆ, ಯಾರೂ ಕತ್ತೆತ್ತಿ ನೋಡುವುದಿಲ್ಲ. ಜಮಾಲಸಾಬರು ಪಾಯಜಾಮ ಮಡಿಚಿ ನೀರಿಗಿಳಿದು, "ಇಷ್ಟ ನೀರ ಇಟಗೊಂಡು ಒಂದ್ ಎಲಿಬಳ್ಳಿ ಹಚ್ಚಿಲ್ಲ ನೋಡ್ರಿ ಇವರು, ಏನ್ ಮಂದಿ" ಅಂದರು. ಒಂದು ಬೊಗಸೆ ಬಾಯಿಗೆ ಹಾಕಿ ಉಗುಳಿದ ಮೇಲೆ ಆ ಮಾತು ಹಿಂದೆ ತೆಗೆದುಕೊಂಡರು.

ಹೊತ್ತು ನೆತ್ತಿಗೆ ಬಂತು. ಅಲ್ಲಿಯ ಜನ ಆಗ ಉಂಡು ಮಲಗುತ್ತಾರೆ. ನೋಡುನೋಡುತ್ತ ದಂಡೆ ಬರಿದಾಯಿತು. ಮೇಲೆ ಊರಿನ ಕಿಟಕಿಗಳೆಲ್ಲ ಮುಚ್ಚಿದವು. ಪ್ಲೇಗು ಬಂದಾಗ ಊರು ಬಿಟ್ಟು ಹೊಲದ ಗುಡಿಸಲಿಗೆ ಹೋಗಿದ್ದೆವಲ್ಲ, ನೀನು ನನ್ನನ್ನು ಬಗಲಲ್ಲಿ ಎತ್ತಿಕೊಂಡು ಹಿಂದಿರುಗಿ ನೋಡಿದಾಗ ನಮ್ಮ ಓಣಿ ಹೀಗೇ ಕಂಡಿತ್ತು. ಬಿಸಿಲು ಬಂಡೆಗೆ ಬಡಿದು ಕಣ್ಣಿಗೆ ಹೊಡೆಯುತ್ತಿತ್ತು. ನಮ್ಮ ನೆರಳು ಕಾಲ ಕೆಳಗೆ ಸರಿದು ಹೋಗಿತ್ತು. ತೆರೆ ಕೂಡ ಇಲ್ಲ, ಕಡಲು ಹರಿವಾಣದಲ್ಲಿಟ್ಟ ನೀರಿನ ಹಾಗೆ ನಿಂತಿತ್ತು. ಬಟ್ಟೆಯ ಕೊಡೆಗಳನ್ನು ಬಾಡಿಗೆಗೆ ಕೊಡುವ, ಕರಿಬಟ್ಟೆಯ ಮುದುಕಿಯೊಬ್ಬಳು ಕೊಡೆ ಮಡಿಚಿಡುತ್ತ ನಮ್ಮನ್ನೇ ನೋಡುತ್ತಿದ್ದಳು. ದುಭಾಷಿ ಊಟಕ್ಕೆ ಹೊರಟಿದ್ದ, ಅವನನ್ನು ನಿಲ್ಲಿಸಿ ಏನೋ ಹೇಳಿದಳು. ನಿಮ್ಮವರು ಯುದ್ಧದ ಒಂದು ಚಳಿಗಾಲ ಈ ಬಂಡೆಯ ಮೇಲೆ ಇದ್ದರು, ಮಧ್ಯಾಹ್ನ ಇಲ್ಲಿ ಕೂಡ್ರಬೇಡಿರಿ, ಕೂಗುತ್ತದೆ ಅಂದಳಂತೆ. ಯಾರು ಎಂದು ಕೇಳಿಸಿದೆ. ನಿಮ್ಮವರು ಅಂದಳು. ಬದುಕಿದವರೋ ಸತ್ತವರೋ ಎಂದು ಕೇಳಿಸಿದೆ. ಅದು ನಮ್ಮನ್ನು ಯಾವತ್ತೂ ಕರೆದಿಲ್ಲ, ಅದಕ್ಕೆ ನಾವು ವಿಚಾರಿಸಿಲ್ಲ ಅಂದಳು. ಅಂದು, ಕೊಡೆಗಳನ್ನು ಹೊತ್ತು ಮೆಟ್ಟಿಲು ಹತ್ತಿ ಹೋದಳು. ದುಭಾಷಿ ನಕ್ಕ, ಆದರೆ ಅವನೂ ಬೇಗಬೇಗನೆ ಹೋದ.

ನಾನು ಹೆಗ್ಗೋಡೆಯಂಥ ಆ ಬಂಡೆಗೆ ಬೆನ್ನು ಕೊಟ್ಟು ಕೂತಿದ್ದೆ. ಮೊದಲು ಕೇಳಿದ್ದು ಕಲ್ಲಿನ ಮೇಲೆ ಗೊರಸಿನ ಸಪ್ಪಳ, ಮೇಲೆಲ್ಲೋ, ಒಂದೊಂದೇ ಹೆಜ್ಜೆ. ಅದು ನಿಂತಿತು. ಆಮೇಲೆ ಕರೆದ. "ಗುದ್ಲಣ್ಣಾ." ಉಳಿವೆಪ್ಪ ಕಣದಲ್ಲಿ ನಿಂತು ನಾಲ್ಕು ಹೊಲದಾಚೆ ಇದ್ದವನನ್ನು ಊಟಕ್ಕೆ ಕರೆಯುವಾಗ ಕಡೆಯ ಅಕ್ಷರವನ್ನು ಎಳೆದು ಎಳೆದು ಮೇಲೆ ಒಯ್ಯುತ್ತಿದ್ದನಲ್ಲ, ಅದೇ ಎಳೆತ. ಓ ಎಂಬುದು ಗಂಟಲಿನತನಕ ಬಂತು. ಆದರೆ ಉರಿ ಮಧ್ಯಾಹ್ನ, ಮುಸ್ಸಂಜೆ, ಕಾಣದ ಕಡೆಯಿಂದ ಕರೆದರೆ ಮೂರನೆಯ ಕೂಗಿನತನಕ ಓ ಅನ್ನಬಾರದು, ಬದುಕಿದವರು ಮೂರು ಸಲ ಕರೆಯುತ್ತಾರೆ, ಇಲ್ಲದವರಿಗೆ ಎರಡರ ಮೇಲೆ ಆಗುವುದಿಲ್ಲ ಎಂದು ಅವ್ವ ನಮ್ಮ ಬೆನ್ನಿಗೆ ಗುದ್ದಿ ಗುದ್ದಿ ಕಲಿಸಿದ್ದಾಳೆ. ನಾನು ಇಷ್ಟು ಪುಸ್ತಕ ಓದಿದವನು, ಮೂಢನಂಬಿಕೆಯ ಮೇಲೆ ಹಿರೇಬೆಂಡಿಗೇರಿಯ ಸಾಲೆಯಲ್ಲಿ ಭಾಷಣ ಮಾಡಿದವನು. ಹಲ್ಲು ಕಚ್ಚಿ ಕೂತೆ. ಎರಡನೆಯ ಸಲ ಇನ್ನೂ ಹತ್ತಿರದಿಂದ ಕರೆದ. ಬಂಡೆಯ ಒಳಗಿನಿಂದಲೇ ಬಂದ ಹಾಗೆ, ನನ್ನ ಬೆನ್ನಿಗೆ ಆ ದನಿಯ ಅದುರು ತಾಗಿತು.

ಇದು ನನ್ನ ಭ್ರಮೆಯಲ್ಲ. ಜಮಾಲಸಾಬರು ಮಂಡಿಯುದ್ದ ನೀರಿನಲ್ಲಿ ನಿಂತು ತಿರುಗಿ ನೋಡಿದರು. "ನಿಮ್ಮನ್ನ ಕರದಂಗಾತಲ್ರಿ ಗುದ್ಲೆಪ್ಪನವರ."
"ಸುಮ್ನಿರ್ರಿ."
"ಓ ಅನ್ರಿ ಮತ್ತ. ನಮ್ಮ ಮನ್ಯಾಗ ಕರದ್ರ ಓ ಅಂತೇವ್ರಿ, ಹಿಂಗ ಲೆಕ್ಕಾ ಹಾಕ್ಕೋತ ಕುಂಡ್ರಂಗಿಲ್ಲ." ನನ್ನ ಮುಖ ನೋಡಿ ಅವರ ನಗೆ ಇಳಿಯಿತು. ತಮ್ಮ ಪ್ರಾರ್ಥನೆಯ ಒಂದು ಮಾತು ಹೇಳಿಕೊಂಡು, "ನಾ ಮ್ಯಾಲೆ ಹೋಗಿ ನೋಡಿ ಬರ್ತೇನಿ, ನೀವು ಇಲ್ಲೇ ಇರ್ರಿ" ಎಂದು ಬರಿಗಾಲಲ್ಲೇ ಮೆಟ್ಟಿಲು ಹತ್ತಿದರು. ಅವರು ಬಂದು ಹೇಳಿದ್ದು ಇಷ್ಟೇ: ಮೇಲೆ ಒಣಹುಲ್ಲು, ಒಂದು ಮುರುಕು ಗೋಡೆ, ಮನುಷ್ಯರು ಯಾರೂ ಇಲ್ಲ. ಹೇಸರಗತ್ತೆಯ ಲದ್ದಿ ಇತ್ತು, ಹಸಿಯದು. ಆ ಕಡೆಯ ರೈತರು ಈಗಲೂ ಹೇಸರಗತ್ತೆ ಸಾಕುತ್ತಾರೆ, ಅದರಲ್ಲೇನು ವಿಶೇಷವೆಂದು ದುಭಾಷಿ ಆಮೇಲೆ ಹೇಳಿದ. ಇರಬಹುದು. ನಾವು ಸಂಜೆಯವರೆಗೆ ಅಲ್ಲೇ ಇದ್ದೆವು. ಮೂರನೆಯ ಸಲ ಅವನು ನನ್ನನ್ನು ಕರೆಯಲಿಲ್ಲ.

ಆದ್ದರಿಂದ ಅಕ್ಕಾ, ನೀನು ಕೇಳಿದ ಮಾತನ್ನು ಹೇಳುತ್ತೇನೆ, ಗಟ್ಟಿ ಮನಸ್ಸು ಮಾಡು. ಉಳಿವೆಪ್ಪ ಇಲ್ಲ. ಬದುಕಿದ್ದರೆ ಇಷ್ಟು ವರ್ಷದಲ್ಲಿ ಒಂದು ಕಾರ್ಡು ಬರೆಯದೆ ಇರುವ ಹುಡುಗನಲ್ಲ ಅವನು. ಅವನನ್ನು ಒಯ್ದವರು ಹೇಳಬೇಕಾದ ಮಾತನ್ನು ನಾನು ಹೇಳಬೇಕಾಯಿತು, ಆ ಸಿಟ್ಟು ನನ್ನ ಜೊತೆಯೇ ಮಣ್ಣಿಗೆ ಹೋಗುತ್ತದೆ. ಅಳುವುದಿದ್ದರೆ ಅತ್ತುಬಿಡು, ಆದರೆ ಚನ್ನವೀರಪ್ಪನಿಗೆ ಕಾರ್ತಿಕದೊಳಗೆ ಹೇಳಿಕಳಿಸು. ಉಡಿಕೆಯ ಸೀರೆ ಸೋದರಮಾವನಾದ ನನ್ನದು. ಮಾದೇವಿ, ಓದುವುದು ನಿಲ್ಲಿಸಿದ್ದರೆ ಕಣ್ಣೊರೆಸಿಕೊಂಡು ಮುಂದೆ ಓದು, ಇನ್ನು ಹೆಚ್ಚಿಲ್ಲ.

ಮಾವನವರಿಗೆ ನನ್ನ ನಮಸ್ಕಾರ. ನಿಮ್ಮೆಲ್ಲರ ಮೇಲೆ ಹಿರಿಯರ ನೆರಳು ಇರಲಿ.

ನಿನ್ನ ತಮ್ಮ
ಗುದ್ಲೆಪ್ಪ

ತಾ.ಕ. ಟಪಾಲು ಹೊರಡುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಮಾದೇವಿ, ಇಲ್ಲಿಂದ ಮುಂದೆ ಗಟ್ಟಿಯಾಗಿ ಓದಬೇಡ. ಅವ್ವ ಕೇಳಿದರೆ ಮಾಮಾನ ಸಹಿ ಬಂತು, ಮುಗೀತು ಅನ್ನು. ಜಮಾಲಸಾಬರು ಇನ್ನೂ ಮೆಟ್ಟಿಲು ಹತ್ತುತ್ತಿದ್ದಾಗ ಮತ್ತೊಂದು ಕೂಗು ಬಂತು. ಅದು ನನ್ನ ಹೆಸರಲ್ಲ. "ಮಾದೂ" ಅಂದ. ನಿನ್ನನ್ನು ಹಾಗೆ ಕರೆಯುತ್ತಿದ್ದವನು ಅವನೊಬ್ಬನೇ. ಅದಕ್ಕೆ ಓ ಅನ್ನುವ ಹಕ್ಕು ನನಗಿಲ್ಲವೆಂದು ಬಾಯಿ ಮುಚ್ಚಿ ಕೂತೆ, ತಲೆ ಎತ್ತಿ ಮೇಲೆಯೂ ನೋಡಲಿಲ್ಲ. ನಿಮ್ಮವ್ವನಿಗೆ ಇದನ್ನು ಹೇಳಿದರೆ ನನ್ನ ಎರಡಕ್ಕೆ ಇದನ್ನು ಕೂಡಿಸಿ ಮೂರಾಯಿತು, ಅದಾನ ಎಂದು ಅವಳು ಸಾಯುವತನಕ ನಿನ್ನನ್ನು ಬಾಗಿಲಲ್ಲಿ ಕೂಡ್ರಿಸುತ್ತಾಳೆ. ನಿನ್ನಿಂದಲೂ ಮುಚ್ಚಿಟ್ಟರೆ ನಾನು ಆ ಸರಕಾರಿ ಕಾಗದ ಬರೆದವನಿಗಿಂತ ಕೀಳಾಗುತ್ತೇನೆ. ನಿನ್ನನ್ನು ಕರೆದದ್ದು ಒಂದೇ ಸಲ. ಒಂದೇ ಕೂಗಿಗೆ ಓ ಅನ್ನಬಾರದೆಂದು ನಿಮ್ಮವ್ವ ನಿನಗೂ ಕಲಿಸಿರುತ್ತಾಳೆ. ಸೀರೆ ತರಲೋ ಬೇಡವೋ, ನೀನೇ ಒಂದು ಸಾಲು ಬರೆ. ಅವ್ವ ಹೇಳಿ ಬರೆಯಿಸಿದ್ದು ಬೇಡ.