ಖಾಲಿ ಮನೆಗಳ ಓಣಿಯಿಂದ

"ಮಕ್ಕಳೇ ಇಲ್ಲದ ಓಣಿಗೆ ಅಂಗನವಾಡಿ ಯಾಕ್ರೀ?" ಎಂದು ಕೇಳಿದಿರಲ್ಲ ಮಾನ್ಯರೇ, ಮಕ್ಕಳು ಇದ್ದಾರೆ. ಬೀಗದ ಒಳಗಿದ್ದಾರೆ.

ನಿಮ್ಮ ಕಚೇರಿಯ ಗೋಡೆಗೆ 'ವಲಸೆ ಕುಟುಂಬಗಳನ್ನು ಮುಖ್ಯವಾಹಿನಿಗೆ ತರೋಣ' ಎಂಬ ಬ್ಯಾನರ್ ಕಟ್ಟಿದೆ. ಅದರ ಕೆಳಗಿನ ಬೆಂಚಿನಲ್ಲಿ ಅರ್ಧ ದಿನ ಕೂತವನು ನಾನು. ಮಕ್ಕಳ ಸಮೀಕ್ಷೆ ಮುಗಿದಿದೆ, ನಮ್ಮ ಸಾಲಿನ ಮನೆಗಳೆಲ್ಲ ಖಾಲಿ ಎಂದಿರಿ. ಯಾವ ಹೊತ್ತಿಗೆ ಬಂದಿದ್ದರು ನಿಮ್ಮವರು? ಬುಧವಾರ ಮಧ್ಯಾಹ್ನ. ಆ ಹೊತ್ತಿಗೆ ದಾಸರಹಳ್ಳಿಯ ನಮ್ಮ ಓಣಿಯಲ್ಲಿ ಯಾರಿರುತ್ತಾರೆ? ಪೀಣ್ಯದ ಮಷಿನ್‌ಗಳನ್ನು ಯಾರು ಓಡಿಸುತ್ತಾರೆ ಎಂದುಕೊಂಡಿದ್ದೀರಿ?

ನಮ್ಮಕ್ಕ ಸವಿತಾ ಗಾರ್ಮೆಂಟ್ಸಿಗೆ ಹೋಗುತ್ತಾಳೆ, ನಾನು ಫ್ಯಾಕ್ಟರಿಗೆ. ಭಾವ ಕಾಡುಗೋಡಿ ಕಡೆ ಕಟ್ಟಡದ ಕೆಲಸದಲ್ಲಿದ್ದಾರೆ, ವಾರಕ್ಕೊಮ್ಮೆ ಬರುತ್ತಾರೆ. ಅವರ ಮಗಳು ಸ್ಫೂರ್ತಿಗೆ ನಾಲ್ಕು ವರ್ಷ. ಟಿವಿ ಹಚ್ಚಿ, ಮಂಡಕ್ಕಿ ಇಟ್ಟು, ಹೊರಗಿನಿಂದ ಬೀಗ ಹಾಕುತ್ತೇವೆ. ಓಣಿಯಲ್ಲಿ ಎಲ್ಲರೂ ಹೀಗೇ. ಹಗಲಲ್ಲೇ ಕುಡಿದವರು ಬಾಗಿಲು ತಟ್ಟುತ್ತಾರೆ. ಅದಕ್ಕೇ ಯಾರು ಬಡಿದರೂ ಸದ್ದು ಮಾಡಬೇಡ ಎಂದು ಹೇಳಿಕೊಟ್ಟಿದ್ದೇವೆ. ನಮ್ಮ ಮಕ್ಕಳು ಮೊದಲು ಕಲಿಯುವ ಪಾಠ ಅದು.

ಆ ಬುಧವಾರ ಸಂಜೆ ಅವಳು ಹೇಳಿದಳು, "ಮಾಮಾ, ಯಾರೋ ಬಾಗ್ಲಾ ಬಡದ್ರು. ನಾ ಟಿವಿ ಬಂದ್ ಮಾಡಿ ಸುಮ್ಮ ಕುಂತೆ."

"ಶಾಣ್ಯಾಕಿ ನಮ್ಮವ್ವ," ಎಂದು ಅಕ್ಕ ಮುತ್ತು ಕೊಟ್ಟಳು. ನಾನೂ ಬೆನ್ನು ತಟ್ಟಿದೆ. ಬಂದವರು ನಿಮ್ಮವರು ಎಂದು ನಮಗೇನು ಗೊತ್ತು?

ಮುಪ್ಪಿನಿಂದ ಕೆಲಸಕ್ಕೆ ಹೋಗಲಾರದ ಎದುರು ಮನೆಯ ಅಂಜಿನಮ್ಮ ನಿಮ್ಮವರನ್ನು ಕರೆದು, "ಒಳಗೆ ಮಗು ಐತೆ ಕಣಪ್ಪಾ," ಎಂದರಂತೆ. "ಮಗು ಇದ್ರೆ ಅಳ್ಬೇಕಲ್ವೇನಮ್ಮ?" ಎಂದು ನಿಮ್ಮವರು ನಕ್ಕು ಹೋದರಂತೆ.

ಅಳಬೇಕಿತ್ತು, ನಿಜ. ಇನ್ನು ಮೇಲೆ ಅದನ್ನೂ ಕಲಿಸೋಣವೇ? ಕುಡುಕರು ಬಂದರೆ ಸುಮ್ಮನಿರು, ಸರ್ಕಾರ ಬಂದರೆ ಅಳು ಎಂದು? ಬಾಗಿಲು ಬಡಿಯುವುದರಲ್ಲೇ ಯಾರು ಯಾರೆಂದು ಅವಳಿಗೆ ಹೇಗೆ ತಿಳಿಯಬೇಕು?

ನಾವು ಇಲ್ಲಿ ನಿಲ್ಲುವವರಲ್ಲ, ನಮ್ಮೂರು ಯಾದಗಿರಿಗೆ ಹೋಗಿಬಿಡುವವರು ಎಂದೂ ಹೇಳಿದಿರಿ. ನಾನು ಮೂರು ಫ್ಯಾಕ್ಟರಿ ಬದಲಿಸಿದ್ದೇನೆ, ಒಪ್ಪುತ್ತೇನೆ. ಆದರೆ ಸ್ಫೂರ್ತಿ ಹುಟ್ಟಿದ್ದು ಇದೇ ಓಣಿಯಲ್ಲಿ. ಅವಳನ್ನು ಎಲ್ಲಿಂದ ತರಬೇಕು, ನಿಮ್ಮ ಮುಖ್ಯವಾಹಿನಿಗೆ?

ಇದನ್ನೆಲ್ಲ ಬರೆಯುವಾಗ ಸಿಟ್ಟು ಬರಬೇಕಿತ್ತು. ಬರುತ್ತಿಲ್ಲ. ಕೇಳುವುದು ಇಷ್ಟೇ: ಭಾನುವಾರ ಬನ್ನಿ. ಅವತ್ತು ಬಾಗಿಲುಗಳು ತೆರೆದಿರುತ್ತವೆ. ಮಕ್ಕಳನ್ನು ಕಣ್ಣಾರೆ ನೋಡಿ, ಆಮೇಲೆ ಅಂಗನವಾಡಿ ಕೊಡಿ.

ಶಿಫ್ಟಿಗೆ ಹೊತ್ತಾಯಿತು. ನಾನು ಚಪ್ಪಲಿ ಮೆಟ್ಟಿದ್ದು ನೋಡಿ ಸ್ಫೂರ್ತಿ ತಾನೇ ಟಿವಿಯ ದನಿ ತಗ್ಗಿಸಿದ್ದಾಳೆ. ಹೊರಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತೇನೆ.

ಇಂತಿ, ನಿಮ್ಮ ಪ್ರಕಾರ ಯಾರೂ ಇಲ್ಲದ ಮನೆಯಿಂದ,
ಬಸಲಿಂಗ